ಬೀಜದ ಮುಡಿ

ಹಾಂಗ್‌ಕಾಂಗ್
ಭಾನುವಾರ

ಪ್ರೀತಿಯ ಅಪ್ಪಯ್ಯ, ಅಮ್ಮನಿಗೆ ನಮಸ್ಕಾರ.

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಕಾಗದ. ಮೂರು ತಿಂಗಳಿಂದ ನನಗೆ ಕೆಲಸವಿಲ್ಲ. ನೀವು ಆಫೀಸಿನ ಸುದ್ದಿ ಕೇಳಿದಾಗಲೆಲ್ಲ "ಹೀಗೇ ನಡೀತಿದೆ" ಅಂದೆ. ತಪ್ಪಾಯಿತು.

ಇಲ್ಲಿ ಕೆಲಸದಿಂದ ತೆಗೆಯುವುದಕ್ಕೆ 'ಬೊಂಡಾಸ್ (ಸ್ಕ್ವಿಡ್) ಹುರಿಯುವುದು' ಅನ್ನುತ್ತಾರೆ! ಬಾಣಲೆಯಲ್ಲಿ ಬೊಂಡಾಸ್ ಸುರುಳಿ ಸುತ್ತಿಕೊಳ್ಳುತ್ತದಲ್ಲ, ಹಾಗೇ ಹಿಂದೆ ಕೆಲಸ ಹೋದ ಆಳು ಹಾಸಿಗೆ ಸುತ್ತಿಕೊಂಡು ಹೊರಡುತ್ತಿದ್ದನಂತೆ.

ಮೊನ್ನೆ ಬುಧವಾರ ಹಗಲು ಹೊತ್ತಿನಲ್ಲೇ ಶಾಮ್ ಶುಯಿ ಪೋ ಮಾರ್ಕೆಟ್ಟಿಗೆ ಹೋಗಿದ್ದೆ. ತರಕಾರಿ ಮಾರುವ ಅಜ್ಜಿ ರಜೆಯಾ ಅಂತ ಕೇಳಿದರು. ಕೆಲಸ ಹೋಯಿತು ಅಂದೆ. "ಓ, ಸಿಕ್ ಗುಕ್ ಜುಂಗ್" ಅಂದು, ಎರಡೆಳೆ ಈರುಳ್ಳಿ ಸೊಪ್ಪು ಬಿಟ್ಟಿ ಹಾಕಿದರು. ಸಂಪಾದನೆ ಇಲ್ಲದೆ ಕೂಡಿಟ್ಟದ್ದನ್ನು ಖರ್ಚು ಮಾಡಿ ಬದುಕುವುದಕ್ಕೆ ಕ್ಯಾಂಟನೀಸಿನಲ್ಲಿ ಹಾಗೆ ಹೇಳುತ್ತಾರೆ. ಬಿಡಿಸಿದರೆ, ಬೀಜದ ಭತ್ತ ತಿನ್ನುವುದು.

ನಮ್ಮ ಅಟ್ಟ ಕಣ್ಣೆದುರು ಬಂತು, ಅಪ್ಪಯ್ಯ. ಬಿತ್ತನೆಯ ಭತ್ತ ತುಂಬಿ ಬೈಹುಲ್ಲಿನ ಹಗ್ಗ ಬಿಗಿದ ಬೀಜದ ಮುಡಿ. ಅಕ್ಕಿ ಮುಗಿದು ಅಂಗಡಿಯಲ್ಲಿ ಕಡ ತಂದ ವರ್ಷವೂ ಅಮ್ಮಮ್ಮ ಅದನ್ನು ಮುಟ್ಟಗೊಡಲಿಲ್ಲ, ಅಲ್ವಾ?

'ಕೂತು ತಿಂದರೆ ಗುಡ್ಡವೂ ಕುಸಿಯುತ್ತದೆ' ಅನ್ನುವ ಗಾದೆಯೂ ಇವರಲ್ಲಿದೆ. ನಮ್ಮ 'ಕೂತುಣ್ಣುವವನಿಗೆ ಕುಡಿಕೆ ಹೊನ್ನು ಸಾಲದು' ಇದ್ದ ಹಾಗೆ. ಎರಡೂ ಸೋಮಾರಿಯನ್ನು ಬೈಯುವ ಮಾತು. ಅಜ್ಜಿ ಅದನ್ನು ಹೇಳಲಿಲ್ಲ. ಮನಸ್ಸಿಗೆ ಸ್ವಲ್ಪ ಹಗುರವಾಯಿತು.

ತಮಾಷೆ ಏನೆಂದರೆ, ಇಲ್ಲಿ ಗದ್ದೆಗಳೇ ಉಳಿದಿಲ್ಲ ಅನ್ನಬಹುದು. ಯುಯೆನ್ ಲಾಂಗ್ ಅಕ್ಕಿಗೆ ಒಂದು ಕಾಲದಲ್ಲಿ ದೊಡ್ಡ ಹೆಸರು. ಈಗ ಅಲ್ಲಿ ಎತ್ತರದ ಮನೆಗಳು. ಇವರು ಉಣ್ಣುವುದು ಥಾಯ್ಲೆಂಡ್, ವಿಯೆಟ್ನಾಂನಿಂದ ಬರುವ ಅಕ್ಕಿ. ಭತ್ತ ಹೋದರೂ ಮಾತು ಮಾತ್ರ ಹೋಗಲಿಲ್ಲ.

ನೀವು ಹೆದರಬೇಡಿ. ಏಳು ವರ್ಷ ದಾಟಿದ್ದರಿಂದ ಕಾಯಂ ನಿವಾಸಿಯ ಕಾರ್ಡ್ ಸಿಕ್ಕಿದೆ, ಕೆಲಸ ಹೋಯಿತೆಂದು ಯಾರೂ ಹೊರಗೆ ಕಳಿಸುವುದಿಲ್ಲ. ಬಾಡಿಗೆಗೆ, ಊಟಕ್ಕೆ ಇನ್ನೈದು ತಿಂಗಳಿಗೆ ಆಗುವಷ್ಟು ಇದೆ. ಬಾಡಿಗೆಯೇ ಜಾಸ್ತಿ, ಊಟ ಹೇಗೋ ಆಗುತ್ತದೆ. ಹೆಂಚು ಬದಲಿಸುವುದನ್ನು ಮಾತ್ರ ಈ ಮಳೆಗಾಲ ಕಳೆದ ಮೇಲೆ ನೋಡೋಣ. ಗುರುವಾರ ಒಂದು ಇಂಟರ್‌ವ್ಯೂ ಇದೆ. ಅಮ್ಮ, ಸುಮ್ನೆ ಹರಕೆ ಹೊರಬೇಡಿ, ಅದೂ ಖರ್ಚೇ.

ತಂಗಿಯ ಫೀಸಿನ ದುಡ್ಡು ಬೇರೆ ಖಾತೆಯಲ್ಲಿದೆ. ಅದನ್ನು ಮುಟ್ಟಿಲ್ಲ ಅಂತ ಅಮ್ಮಮ್ಮನಿಗೆ ಹೇಳಿ.

ನಿಮ್ಮ ಮಗ