ಸೇತುವೆಯ ಮಧ್ಯ ಸಿಗೋಣ ಅಂದವರು

ಪ್ರೀತಿಯ ತಂಗೀ,

ನಿನ್ನ ಚಿತ್ರಕಥೆಯನ್ನು ಎರಡು ಸಲ ಓದಿದೆ. 1989ರಲ್ಲಿ ಕಾರವಾರದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ನಾಲ್ವರು ಐವತ್ತು ದಾಟಿದ ಮೇಲೆ ಮತ್ತೆ ಸೇರುವ ಕಥೆ. ಜೀವ ಇದೆ. ಆದರೆ ಮೊದಲ ಇಪ್ಪತ್ತು ಪುಟ ನೀನು ನಗಿಸಲು ಹೊರಟಿದ್ದು ಬೋಳುತಲೆ, ಬೊಜ್ಜು, ಸಕ್ಕರೆ ಕಾಯಿಲೆಗಳಿಂದ. ಅವನ್ನು ತೆಗೆದುಬಿಡು. ತನ್ನ ಮಂಡಿ ನೋಯುತ್ತದೆ ಅನ್ನುವುದು ಆ ವಯಸ್ಸಿನವನಿಗೆ ಹಳೇ ಸುದ್ದಿ. ಹದಿನಾರರ ತನ್ನನ್ನು ಗೆಳೆಯರು ಹೇಗೆ ನೆನಪಿಟ್ಟಿದ್ದಾರೆ ಅನ್ನುವುದು ಮಾತ್ರ ಅವನಿಗೆ ಗೊತ್ತಿರುವುದಿಲ್ಲ. ನಗು ಹುಟ್ಟುವುದು ಅಲ್ಲಿ.

ಕಳೆದ ವರ್ಷ ಶಿರಸಿ ಹತ್ತಿರದ ಒಂದು ಆಲೆಮನೆಯಲ್ಲಿ ನಾವು ಐದು ಜನ ಹೈಸ್ಕೂಲು ಗೆಳೆಯರು ಸೇರಿದ್ದೆವು. ಕೊಪ್ಪರಿಗೆಯಲ್ಲಿ ಬೆಲ್ಲ ಕುದಿಯುತ್ತಿತ್ತು. ಕೈಯಲ್ಲಿ ಕಬ್ಬಿನ ಹಾಲಿನ ಲೋಟ, ನಡುವೆ ಮಂಡಕ್ಕಿ, ಮಿರ್ಚಿ ಭಜಿ. ಒಬ್ಬ ಶುರುಮಾಡಿದ: ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಬಂದು ಕ್ಲಾಸಿನಲ್ಲಿ ಎಲ್ಲರೂ ತೂಕಡಿಸಿದ್ದು, ಮಾಸ್ತರರು ಕೇಳಿದಾಗ ಉಳಿದವರ ಹೆಸರು ಬಾಯಿಬಿಡದೆ ತಾನೊಬ್ಬನೇ ಬೆತ್ತದ ಪೆಟ್ಟು ತಿಂದಿದ್ದು. ಮಕ್ಕಳ ಮುಂದೆ, ಮದುವೆಮನೆಗಳಲ್ಲಿ ಹೇಳಿ ಹೇಳಿ ನುಣುಪಾದ ಕಥೆ. ಪಕ್ಕದವನು ಕವಳಕ್ಕೆ ಎಲೆಗೆ ಸುಣ್ಣ ಸವರುತ್ತಿದ್ದ. ತಲೆ ಎತ್ತದೆ ಅಂದ: "ನೀ ಅವತ್ತು ಬರ್ಲೇ ಇಲ್ಲೆ ಮಾರಾಯಾ. ನಿಂಗೆ ಜ್ವರ ಬಂದಿತ್ತು."

ಮಂಡಕ್ಕಿ ಹಿಡಿದ ಕೈ ಬಾಯಿಯ ಹತ್ತಿರವೇ ನಿಂತಿತು. ನಾವು ಬಿದ್ದು ಬಿದ್ದು ನಕ್ಕೆವು. ಅವನು ಅಂಗಿಯ ತೋಳು ಮಡಚಿ ಬೆಂಕಿಯ ಬೆಳಕಿನಲ್ಲಿ ಪೆಟ್ಟಿನ ಗುರುತು ಹುಡುಕತೊಡಗಿದ. ಮೊದಲು ಬಲಗೈ. ಆಮೇಲೆ ಎಡಗೈ.

ಎಡಗೈಯ ಹೊತ್ತಿಗೆ ನಮ್ಮ ನಗು ನಿಂತಿತ್ತು. ತಾನು ಧೈರ್ಯವಂತ ಅಂತ ಅವನು ಇಷ್ಟು ವರ್ಷ ನಂಬಿದ್ದು ಆ ಪೆಟ್ಟಿನ ಬಲದ ಮೇಲೆ. ನಿನ್ನ ನಾಲ್ವರಿಗೂ ಇಂಥದೊಂದು ಪ್ರಸಂಗ ಬೇಕು, ತಂಗೀ. ಪ್ರಸಂಗ ಒಂದೇ, ನೆನಪು ನಾಲ್ಕು. ಯಾವ ನೆನಪು ಕುಸಿದರೆ ಯಾರು ಕುಸಿಯುತ್ತಾರೆ ಎಂದು ಗೊತ್ತುಮಾಡಿಕೊಂಡ ಮೇಲೆ ಸಂಭಾಷಣೆಗೆ ಕೈ ಹಾಕು. ಇದು ನಿನ್ನ ಅಪ್ಪನ ಗೆಳೆಯರ ಕಥೆ ಎಂದಿದ್ದೀಯಲ್ಲ, ಅವರನ್ನು ಒಬ್ಬೊಬ್ಬರನ್ನಾಗಿ ಕೇಳು, ಅಪ್ಪ ಇಲ್ಲದಾಗ.

ನಮ್ಮ ಆಟದಲ್ಲಿ ಹಾಸ್ಯಗಾರ ಬರುವುದನ್ನು ಗಮನಿಸಿದ್ದೀಯಾ? ದೂತನಾಗಿಯೋ ಮುದುಕಿಯಾಗಿಯೋ, ಒಂದು ಕೆಲಸ ಹೊತ್ತು ಬರುತ್ತಾನೆ. ಆ ಕೆಲಸ ಕೆಡುತ್ತಾ ಹೋದಂತೆ ಸಭೆ ನಗುತ್ತದೆ. ನಿನ್ನವರು ಮೂರು ದಿನ ರೆಸಾರ್ಟಿನಲ್ಲಿ ಕೂತು ಬರೀ ಮಾತಾಡುತ್ತಾರೆ. ಅವರಿಗೊಂದು ಕೆಲಸ ಕೊಡು.

ಆ ಕೆಲಸ ನಿನ್ನ ಕಥೆಯಲ್ಲೇ ಇದೆ! ಕಾಳಿ ನದಿಯ ಹಳೇ ಸೇತುವೆಯ ಮಧ್ಯದಲ್ಲಿ ಮತ್ತೆ ಸಿಗೋಣ ಎಂದು ಹುಡುಗರಾಗಿದ್ದಾಗ ಅವರು ಮಾತು ಕೊಟ್ಟಿರುತ್ತಾರೆ, ಈಗ ಅಲ್ಲೇ ನಿಂತು ತಬ್ಬಿಕೊಳ್ಳುತ್ತಾರೆ. ಆದರೆ ಆ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದುಬಿತ್ತಲ್ಲ. ಮಧ್ಯವೇ ಇಲ್ಲ. ಹಾಗೇ ಬರೆ. ಗೋವಾದಿಂದ ಬಂದವನು ಸದಾಶಿವಗಡದ ಬದಿ, ಉಳಿದವರು ಕೋಡಿಬಾಗದ ಬದಿ, ಕಿವಿಗೆ ಫೋನು. ಪಕ್ಕದಲ್ಲೇ ಹೊಸ ಸೇತುವೆ ಇದೆ, ಆದರೆ ದಾಟಿ ಬರಬೇಕಾದವರು ಯಾರು? ಮಾತು ಕೊಟ್ಟದ್ದು ಹಳೇ ಸೇತುವೆಗೆ. ಹತ್ತು ನಿಮಿಷ ಈ ಜಗಳ ನಡೆಯಲಿ. ಕಾರವಾರದವರು ತಮ್ಮತಮ್ಮಲ್ಲಿ ಕೊಂಕಣಿಯಲ್ಲೇ ಬೈದುಕೊಳ್ಳಲಿ, ನಾಲ್ವರಲ್ಲಿ ಶಿರಸಿಯವನ ಕಡೆ ತಿರುಗಿದಾಗ ಮಾತ್ರ ಕನ್ನಡ. ಎಲ್ಲರ ಬಾಯಲ್ಲೂ ಬೆಂಗಳೂರಿನ ಸಿನಿಮಾ ಕನ್ನಡ ತುರುಕಬೇಡ.

ಸೀಬರ್ಡ್ ನೌಕಾನೆಲೆಗೆ ಊರು ಬಿಟ್ಟುಕೊಟ್ಟ ಮನೆಯ ಹುಡುಗನಿಗೆ ನೀನು ಕೊಟ್ಟಿದ್ದು ಎರಡೇ ಸಾಲು. ನನಗೆ ಅದು ಬೇಸರ ತಂದಿತು. 1986ರಲ್ಲಿ ಅಡಿಗಲ್ಲು ಬಿದ್ದಾಗ ಅವನಿಗೆ ಹದಿಮೂರು. ಈಗ ಬೇಲಿಯ ಹೊರಗೆ ನಿಂತು "ನಮ್ಮನೆ ಅಲ್ಲಿತ್ತು" ಎಂದು ಬೆರಳು ತೋರಿಸಲಿ. ಅಲ್ಲಿಗೆ ದಿನಾ ಈಜಲು ಹೋಗುತ್ತಿದ್ದ ಇಬ್ಬರು ಬೇರೆ ಬೇರೆ ದಿಕ್ಕಿಗೆ ಬೆರಳು ತೋರಿಸಿ ವಾದಕ್ಕಿಳಿಯಲಿ. ಜನ ಮೊದಲು ನಗುತ್ತಾರೆ. ಆಮೇಲೆ ಏನಾಗುತ್ತದೋ ಆಗಲಿ, ಹಿನ್ನೆಲೆ ಸಂಗೀತ ಹಾಕಿ ಹೇಳಿಕೊಡಬೇಡ.

ಮುಂದಿನ ಕರಡನ್ನು ಆಲೆಮನೆ ಶುರುವಾಗುವ ಮೊದಲೇ ಕಳಿಸು. ಅಲ್ಲಿಯತನಕ ಈ ಪತ್ರ ಅಪ್ಪನ ಕೈಗೆ ಸಿಗದಿರಲಿ.

ನಿನ್ನ,
ಶಿರಸಿಯ ಅಣ್ಣ