ನೆರವಿನ ದೋಣಿಯ ಎಂಜಿನ್‌ಗಳಿಗೆ ಬ್ರಾಕೆಟ್ ಬೇಕೇ? ಭಾನುವಾರ ತೀರ್ಮಾನ

ಸದಸ್ಯರೆಲ್ಲರಿಗೂ ನಮಸ್ಕಾರ.

ಕೆಆರ್‌ಎಸ್‌ನಿಂದ ನೀರು ಬಿಟ್ಟಾಗ ಶ್ರೀರಂಗಪಟ್ಟಣದ ಕಡೆ ನೆರವಿಗೆ ಒಯ್ಯುವ ನಮ್ಮ ಫೈಬರ್ ದೋಣಿಯ ಎರಡು ಔಟ್‌ಬೋರ್ಡ್ ಎಂಜಿನ್‌ಗಳನ್ನು ಟ್ರಾನ್ಸಮ್‌ಗೆ, ಅಂದರೆ ಹಿಂಬದಿಯ ಗೋಡೆಗೆ, ನೇರವಾಗಿ ಬಿಗಿಯಬೇಕೋ ಬ್ರಾಕೆಟ್ ಹಾಕಿ ಹಿಂದಕ್ಕೆ ಕೂರಿಸಬೇಕೋ ಎಂಬುದನ್ನು ಭಾನುವಾರ ಬೆಳಿಗ್ಗೆ 8ಕ್ಕೆ ಮೈಸೂರಿನ ನಮ್ಮ ಶೆಡ್‌ನಲ್ಲಿ ತೀರ್ಮಾನಿಸೋಣ. ದೋಣಿ ನಡೆಸುವವರೆಲ್ಲರೂ ತಪ್ಪದೆ ಬನ್ನಿ.

ಬ್ರಾಕೆಟ್ ಹಾಕಿದರೆ ಒಳಗೆ ಜಾಗ ಸಿಗುತ್ತದೆ. ಗೋಡೆಯನ್ನು ಪೂರ್ತಿ ಎತ್ತರಕ್ಕೆ ಉಳಿಸಿಕೊಳ್ಳಬಹುದಾದ್ದರಿಂದ ಹಿಂದಿನಿಂದ ನೀರು ನುಗ್ಗುವ ಭಯವೂ ಕಡಿಮೆ. ನನ್ನ ಚಿಂತೆ ಭಾರದ್ದು. ಎಂಜಿನ್ ಹಿಂದೆ ಸರಿದಷ್ಟೂ ಸನ್ನೆಕೋಲಿನಂತೆ ಗೋಡೆಯ ಮೇಲೆ ಎಳೆತ ಹೆಚ್ಚುತ್ತದೆ, ಹಿಂಬದಿ ತಗ್ಗುತ್ತದೆ. ಜನರನ್ನು ಹತ್ತಿಸಿಕೊಂಡಾಗ ಇನ್ನಷ್ಟು ತಗ್ಗುತ್ತದೆ. ಗೋಡೆಯ ಫೈಬರ್ ಒಳಗಿನ ಹಲಗೆ ನೆನೆದಿದ್ದರೆ ಬ್ರಾಕೆಟ್ ಮಾತೇ ಬೇಡ. ಗಟ್ಟಿಯಿದ್ದರೆ ನನ್ನ ಒಪ್ಪಿಗೆಯಿದೆ, ಆದರೆ ಬ್ಯಾಟರಿ ಮತ್ತು ಇಂಧನ ಟ್ಯಾಂಕ್ ಮುಂದಕ್ಕೆ ಹೋಗಲೇಬೇಕು. 1 ಅಡಿ ಹಿಂದೆ ಸರಿಸಿದರೆ ಎಂಜಿನ್ ಸುಮಾರು 1 ಅಂಗುಲ ಮೇಲೇರಿಸುವುದು ರೂಢಿ. ಸರಿಯಾದ ಎತ್ತರ ನೀರಿನಲ್ಲಿ ಓಡಿಸಿದ ಮೇಲೆಯೇ ತಿಳಿಯುವುದು.

ಶೆಡ್‌ನ ಕೀಲಿ ಇರುವವರು ಶುಕ್ರವಾರದೊಳಗೆ ಟ್ರಾನ್ಸಮ್‌ನ ಎತ್ತರ ಅಳೆದು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿ, ಮಂದ ಸದ್ದು ಬಂದ (ಅಂದರೆ ಹಲಗೆ ನೆನೆದಿರಬಹುದಾದ) ಜಾಗಗಳ ಫೋಟೋ ಇಲ್ಲಿ ಹಾಕಿ. ಬರುವವರು ‘ಬರುತ್ತೇನೆ’ ಎಂದು ತಿಳಿಸಿ. ಬರಲಾಗದವರು ಶನಿವಾರ ರಾತ್ರಿಯೊಳಗೆ ನಿಮ್ಮ ಅಭಿಪ್ರಾಯವನ್ನು ಕಾರಣದೊಂದಿಗೆ ಬರೆಯಿರಿ.