ತೊಡೆ ತಿಕ್ಕುವ ಮೊದಲು ಕಾಲು ನೋಡಿ

ಮಾನ್ಯ ಸಂಪಾದಕರೇ,

ನಾನು ಸೇಡಂನಲ್ಲಿ 22 ವರ್ಷಗಳಿಂದ ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತಿದ್ದೇನೆ. ಎರಡು ವರ್ಷದ ಹಿಂದೆ ಯುಗಾದಿಯ ಹೊತ್ತಿಗೆ ಬಲತೊಡೆಯ ಹೊರಮಗ್ಗುಲಲ್ಲಿ ಉರಿ ಶುರುವಾಯಿತು. ಅಂಗೈಯಷ್ಟು ಜಾಗ, ಖಾರ ಅರೆದು ಹಚ್ಚಿದಂಥ ಉರಿ. ಸೀರೆ ತಾಗಿದರೂ ತಡೆಯಲಾಗುತ್ತಿರಲಿಲ್ಲ; ಚಿವುಟಿದರೆ ಮಾತ್ರ ಅಲ್ಲಿ ಏನೂ ತಿಳಿಯುತ್ತಿರಲಿಲ್ಲ. ಮಷಿನ್ ತುಳಿದು ತುಳಿದು ಹೀಗಾಗಿದೆ ಎಂದರು ಎಲ್ಲರೂ, ನಾನೂ ನಂಬಿದೆ. ಎಂಟು ತಿಂಗಳು ಎಣ್ಣೆ ತಿಕ್ಕಿಸಿಕೊಂಡೆ, ಬಿಸಿ ಇಟ್ಟಿಗೆಯ ಕಾವು ಕೊಟ್ಟೆ. ಮರಗಟ್ಟಿದ ಚರ್ಮಕ್ಕೆ ಬಿಸಿ ಗೊತ್ತಾಗದೆ ಒಮ್ಮೆ ಬೊಬ್ಬೆಯೇ ಎದ್ದಿತು. ತಡೆಯದಾದಾಗ ಸೂಜಿ ಹಾಕಿಸಿಕೊಂಡೆ. ಸೂಜಿ ಹಾಕಿದವರು ಒಬ್ಬರೂ ಕಾಲು ಮುಟ್ಟಿ ನೋಡಲಿಲ್ಲ.

ಕೊನೆಗೆ ಕಲಬುರಗಿಯಲ್ಲಿ ಒಬ್ಬ ವೈದ್ಯೆ ನನ್ನನ್ನು ಮಲಗಿಸಿ, ಸೊಂಟದ ಮುಂದೆ ಚಾಚಿರುವ ಎಲುಬಿನ ಒಳಬದಿಗೆ ಬೆರಳಿಟ್ಟು ತಟ್ಟಿದರು. ಉರಿ ಅಲ್ಲಿಂದ ತೊಡೆಗೆ ಹರಿಯಿತು. ಅದೇ ಜಾಗದಲ್ಲಿ ಲಂಗದ ಲಾಡಿಯ ಕಪ್ಪು ಗೆರೆ ಇತ್ತು. ತೊಡೆಯ ಹೊರಚರ್ಮದ ನರ ಆ ಎಲುಬಿನ ಪಕ್ಕದಿಂದಲೇ ಇಳಿಯುತ್ತದಂತೆ. ಬಿಗಿಯಾದ ಲಾಡಿ, ಬೆಲ್ಟ್, ಹೊಟ್ಟೆಯ ಬೊಜ್ಜು ಅದನ್ನು ಅದುಮುತ್ತವೆ. ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಬರುವುದು ಹೆಚ್ಚು. ಬರೀ ಸ್ಪರ್ಶದ ನರವಾದ್ದರಿಂದ ಕಾಲಿನ ಬಲ ಕುಂದುವುದಿಲ್ಲ. ಸಕ್ಕರೆ ಪರೀಕ್ಷೆ ಮಾಡಿಸಿ, ಲಾಡಿ ಸಡಿಲಿಸಿ, ತೂಕ ಇಳಿಸಿ ಎಂದರು, ಅಷ್ಟೇ. ಮೂರು ತಿಂಗಳಲ್ಲಿ ಉರಿ ಇಳಿಯಿತು. ಈಗ ನಾನು ಹೊಲಿಯುವ ಲಂಗಗಳಿಗೆಲ್ಲ ತೆಳು ಲಾಡಿಯ ಬದಲು ನಾಲ್ಕು ಬೆರಳಗಲದ ಪಟ್ಟಿ ಹಚ್ಚುತ್ತೇನೆ.

ಏಕೆಂದು ಕೇಳಿದ ಹೆಂಗಸರು ತಮ್ಮ ನೋವನ್ನೂ ಬಿಚ್ಚುತ್ತಾರೆ. ತೊಗರಿ ಹೊಲದಲ್ಲಿ ದಿನವಿಡೀ ಬಾಗಿ ಕಳೆ ತೆಗೆಯುವವರಿಗೆ ಸೊಂಟದಿಂದ ತೊಡೆಯ ಹಿಂಬದಿ ಹಿಡಿದು ಪಾದದವರೆಗೆ ಸೆಳೆತ. ಅದರ ಬೇರು ಬೆನ್ನಿನಲ್ಲಿದೆ. ಹಾಸಿಗೆ ಹಿಡಿಯದೆ ಮೆಲ್ಲಗೆ ಓಡಾಡುತ್ತಿದ್ದರೆ ಬಹಳಷ್ಟು ಜನರಿಗೆ ಕೆಲವು ವಾರಗಳಲ್ಲಿ ಇಳಿಯುತ್ತದೆ. ಆದರೆ ಮೂತ್ರ ಕಟ್ಟಿದರೆ ಅಥವಾ ಎರಡು ತೊಡೆಗಳ ನಡುವೆ ಮರಗಟ್ಟಿದರೆ ಒಂದು ದಿನವೂ ಕಾಯಬಾರದು.

ನನ್ನ ತಮ್ಮ ಶಹಾಬಾದ್ ಕಲ್ಲು ಸಾಗಿಸುವ ಲಾರಿ ಓಡಿಸುತ್ತಾನೆ. ಈ ವರ್ಷ ಎರಡು ದಿನ ಕುಳಿತೇ ಬಂದವನ ಎಡಗಾಲು ತೊಡೆಯವರೆಗೆ ಬಾತು ಬಿಸಿಯಾಗಿತ್ತು. ಬಲಗಾಲು ಎಂದಿನಂತೆಯೇ ಇತ್ತು. ಅವ್ವ ತಿಕ್ಕಲೆಂದು ಎಣ್ಣೆ ಕಾಯಿಸಿ ತಂದಿದ್ದಳು. ಒಂದೇ ಕಾಲು ಬಾತರೆ ತಿಕ್ಕಬೇಡಿ ಎಂದು ಆ ವೈದ್ಯೆ ಹೇಳಿದ್ದು ನೆನಪಾಗಿ ಅವಳ ಕೈ ಹಿಡಿದೆ. ರಾತ್ರಿಯೇ ಕಲಬುರಗಿಗೆ ಒಯ್ದೆವು. ಸ್ಕ್ಯಾನ್‌ನಲ್ಲಿ ರಕ್ತನಾಳದೊಳಗೆ ಹೆಪ್ಪು ಕಂಡಿತು. ಅದರ ಚೂರು ಕಳಚಿ ಶ್ವಾಸಕೋಶ ಸೇರಿದರೆ ಜೀವಕ್ಕೇ ಕುತ್ತು. ಹೆಪ್ಪು ಬೆಳೆಯದಂತೆ ತಡೆಯುವ ಮಾತ್ರೆ ಈಗಲೂ ನಡೆದಿದೆ.

ನಮ್ಮ ಕಡೆ ತೊಡೆ ನೋವೆಂದರೆ ಎಣ್ಣೆ, ಇಲ್ಲವೇ ಸೂಜಿ. ನೋವಿನ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು. ಇದನ್ನು ಹೇಳುವವರೂ ಕಡಿಮೆ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ 30 ದಾಟಿದವರಿಗೆ ಸಕ್ಕರೆ, ರಕ್ತದೊತ್ತಡ ನೋಡುತ್ತಾರೆ. ಅದೇ ದಿನ ನೋಯುವ ಕಾಲನ್ನೂ ಮುಟ್ಟಿ ನೋಡಲಿ, ವಾರಕ್ಕೊಮ್ಮೆಯಾದರೂ ಅಲ್ಲಿ ಫಿಸಿಯೋಥೆರಪಿಸ್ಟ್ ಒಬ್ಬರು ಸಿಗುವಂತಾಗಲಿ. ಒಂದೇ ಕಾಲು ಬಾತರೆ ಏನು ಮಾಡಬೇಕೆಂದು ಆಶಾ ಕಾರ್ಯಕರ್ತೆಯರು ಮನೆಮನೆಗೆ ತಿಳಿಸಲಿ. ತೊಗರಿ ರಾಶಿ ಶುರುವಾಗುವ ಮೊದಲೇ ಇದು ಆಗಬೇಕೆಂದು ಜಿಲ್ಲಾ ಆರೋಗ್ಯಾಧಿಕಾರಿಗಳಲ್ಲಿ ಕೇಳಿಕೊಳ್ಳುತ್ತೇನೆ.

— ಹೊಲಿಗೆ ಕೆಲಸದ ಮಹಿಳೆ, ಸೇಡಂ, ಕಲಬುರಗಿ ಜಿಲ್ಲೆ